ಮಕ್ಕಳ ಜಠರದ ಬ್ಯಾಕ್ಟೀರಿಯಾ: ತಳಿ ವೈವಿಧ್ಯ, ರೋಗಕಾರಕ ಶಕ್ತಿ ಹಾಗೂ ಶಿವಮೊಗ್ಗ–ಭದ್ರಾವತಿ ನಗರಗಳ ನಾಗರಿಕರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

2025ರ ಜುಲೈ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಒಂದು ಅಂದಾಜನ್ನು ಪ್ರಕಟಿಸಿದರು. ಅದರಂತೆ 2008ರಿಂದ 2017ರವರೆಗೆ ಜಗತ್ತಿನಲ್ಲಿ ಜನಿಸಿದವರ ಪೈಕಿ ಸುಮಾರು 1.56 ಕೋಟಿ ಜನರು ತಮ್ಮ ಜೀವಿತಾವಧಿಯಲ್ಲಿ ಜಠರದ ಕ್ಯಾನ್ಸರ್‌ಗೆ ಒಳಗಾಗುವ ಸಂಭವವಿದ್ದು, ಈ ಪ್ರಕರಣಗಳಲ್ಲಿ ಶೇ. 76ರಷ್ಟಕ್ಕೆ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಒಂದೇ ಬ್ಯಾಕ್ಟೀರಿಯಾ ಕಾರಣವಾಗಲಿದೆ. ಪ್ರಕರಣಗಳಲ್ಲಿ ಮೂರನೇ ಎರಡು ಭಾಗ ಏಷ್ಯಾ ಖಂಡದಲ್ಲಿಯೇ ಸಂಭವಿಸಲಿವೆ ಎಂದು ಸದರಿ ಅಧ್ಯಯನವು ತಿಳಿಸುತ್ತದೆ.

ಈ ಅವಧಿಯಲ್ಲಿ ಜನಿಸಿದ ಮಕ್ಕಳು ಇಂದು ನಮ್ಮ ಪ್ರಾಥಮಿಕ ಶಾಲೆಗಳಿಂದ ಹಿಡಿದು ಪದವಿಪೂರ್ವ ಕಾಲೇಜುಗಳವರೆಗೆ ವ್ಯಾಸಂಗ ಮಾಡುತ್ತಿರುವವರೇ ಆಗಿರುತ್ತಾರೆ. ಇಂತಹ ವರದಿಗಳನ್ನು ಓದಿದ ಪೋಷಕರಲ್ಲಿ ಆತಂಕ ಉಂಟಾಗುವುದು ಸಹಜ. ತಮ್ಮ ಮಗುವಿನ ಹೊಟ್ಟೆನೋವಿಗೆ ಇದೇ ಬ್ಯಾಕ್ಟೀರಿಯಾ ಕಾರಣವೇ, ಕೂಡಲೇ ಪರೀಕ್ಷೆ ಮಾಡಿಸಬೇಕೇ, ಅಪಾಯಕಾರಿ ತಳಿ ಯಾವುದು, ಕುಡಿಯುವ ನೀರಿನಿಂದ ಇದು ಹರಡುತ್ತದೆಯೇ ಎಂಬ ಪ್ರಶ್ನೆಗಳು ಎದುರಾಗುತ್ತವೆ. ಈ ಪ್ರಶ್ನೆಗಳಿಗೆ ಲಭ್ಯವಿರುವ ವೈಜ್ಞಾನಿಕ ಮಾಹಿತಿಯನ್ನು ಆಧರಿಸಿ, ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ನಾಗರಿಕರಿಗೆ ಅನುಕೂಲವಾಗುವಂತೆ ಈ ವಿಶ್ಲೇಷಣೆಯನ್ನು ನೀಡಲಾಗಿದೆ. ನೀರಿನ ಸಂಪರ್ಕ, ಮಕ್ಕಳ ಆರೋಗ್ಯ ತಪಾಸಣೆ ಮತ್ತು ಆಸ್ಪತ್ರೆ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವವರು ಇದನ್ನು ಪೂರ್ಣವಾಗಿ ಓದಿಕೊಳ್ಳುವುದು ಉಪಯುಕ್ತ.

2. ಬ್ಯಾಕ್ಟೀರಿಯಾದ ಪರಿಚಯ

ಜಠರದಲ್ಲಿ ತೀವ್ರ ಆಮ್ಲವಿರುವುದರಿಂದ ಅಲ್ಲಿ ಯಾವ ಸೂಕ್ಷ್ಮಾಣುವೂ ನೆಲೆಗೊಳ್ಳಲಾರದು ಎಂದು ವೈದ್ಯಶಾಸ್ತ್ರವು ಬಹುಕಾಲ ನಂಬಿತ್ತು. ಜಠರದ ಹುಣ್ಣಿಗೆ ಖಾರದ ಆಹಾರ, ಮಾನಸಿಕ ಒತ್ತಡ ಮತ್ತು ಹೆಚ್ಚಿನ ಆಮ್ಲವೇ ಕಾರಣವೆಂದು ಭಾವಿಸಲಾಗಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು 1982ರಲ್ಲಿ ರೋಗಿಗಳ ಜಠರದ ಒಳಪದರದಿಂದ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸುವಲ್ಲಿ ಯಶಸ್ವಿಯಾದರು. ಎರಡು ದಿನಗಳಲ್ಲಿ ಬೆಳವಣಿಗೆ ಕಾಣದಿದ್ದರೆ ತಟ್ಟೆಗಳನ್ನು ಎಸೆಯುವುದು ಪ್ರಯೋಗಾಲಯದ ವಾಡಿಕೆಯಾಗಿತ್ತು. ಆ ವರ್ಷದ ಈಸ್ಟರ್ ರಜೆಯ ಕಾರಣ ತಟ್ಟೆಗಳು ಹೆಚ್ಚು ದಿನ ಉಳಿದುಕೊಂಡಿದ್ದರಿಂದ ನಿಧಾನವಾಗಿ ಬೆಳೆಯುವ ಈ ಬ್ಯಾಕ್ಟೀರಿಯಾ ಕಣ್ಣಿಗೆ ಬಿದ್ದಿತು. ಈ ಸಂಶೋಧನೆಗಾಗಿ ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ನೀಡಲಾಯಿತು. 1994ರಲ್ಲಿಯೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಅಂಶಗಳ ಮೊದಲನೇ ಗುಂಪಿಗೆ ಸೇರಿಸಲಾಗಿದೆ.

ಈ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವವನ್ನು ಉತ್ಪಾದಿಸುತ್ತದೆ. ಆ ಕಿಣ್ವವು ಜಠರದಲ್ಲಿನ ಯೂರಿಯಾವನ್ನು ವಿಭಜಿಸಿ ಅಮೋನಿಯಾ ಉಂಟುಮಾಡುವುದರಿಂದ ಬ್ಯಾಕ್ಟೀರಿಯಾದ ಸುತ್ತಲಿನ ಆಮ್ಲ ಶಮನಗೊಳ್ಳುತ್ತದೆ. ತನ್ನ ಬಾಲದಂತಹ ಎಳೆಗಳ ನೆರವಿನಿಂದ ಅದು ಲೋಳೆಯ ಪದರವನ್ನು ಕೊರೆದುಕೊಂಡು ಜಠರದ ಗೋಡೆಯ ಸಮೀಪ ನೆಲೆಸುತ್ತದೆ. ಒಮ್ಮೆ ನೆಲೆಗೊಂಡ ನಂತರ, ಚಿಕಿತ್ಸೆ ನೀಡದಿದ್ದಲ್ಲಿ, ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಆದಾಗ್ಯೂ ಸೋಂಕಿತರಲ್ಲಿ ಬಹುಪಾಲು ಜನರಿಗೆ ಯಾವುದೇ ತೊಂದರೆ ಕಂಡುಬರುವುದಿಲ್ಲ ಎಂಬುದನ್ನು ಗಮನದಲ್ಲಿರಿಸಿಕೊಳ್ಳಬೇಕು. ಕೆಲವರಲ್ಲಿ ಮಾತ್ರ ಜಠರದ ಅಥವಾ ಸಣ್ಣಕರುಳಿನ ಮೊದಲ ಭಾಗದ ಹುಣ್ಣು ಉಂಟಾಗುತ್ತದೆ. ಇನ್ನೂ ಕಡಿಮೆ ಪ್ರಮಾಣದ ಜನರಲ್ಲಿ, ಹಲವು ದಶಕಗಳ ನಂತರ, ಕ್ಯಾನ್ಸರ್ ತಲೆದೋರಬಹುದು.

3. ಸೋಂಕು ಬಾಲ್ಯದಲ್ಲಿಯೇ ತಗುಲುತ್ತದೆ

ಈ ಸೋಂಕಿನ ಪ್ರಮುಖ ಲಕ್ಷಣವೆಂದರೆ ಅದು ಬಹುಮಟ್ಟಿಗೆ ಬಾಲ್ಯದಲ್ಲಿ, ಅದರಲ್ಲೂ ಮೊದಲ ಐದಾರು ವರ್ಷಗಳಲ್ಲಿ ತಗುಲುವುದು. ಹೈದರಾಬಾದಿನ ಜನರ ರಕ್ತ ಪರೀಕ್ಷೆಯನ್ನು ಆಧರಿಸಿ 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಭಿವೃದ್ಧಿ ಹೊಂದಿದ ದೇಶಗಳಿಗೆ ಹೋಲಿಸಿದರೆ ಇಲ್ಲಿ ಬಹಳ ಚಿಕ್ಕ ವಯಸ್ಸಿನಲ್ಲಿಯೇ ಸೋಂಕು ಹರಡುವುದು ಸ್ಪಷ್ಟವಾಯಿತು. ನಮ್ಮ ರಾಜ್ಯದ ಬೆಂಗಳೂರಿನಲ್ಲಿ ಶಾಲಾ ಮಕ್ಕಳಿಗೆ ಉಸಿರಿನ ಪರೀಕ್ಷೆ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಪರೀಕ್ಷೆಗೆ ಒಳಪಟ್ಟವರಲ್ಲಿ ಬಹುಪಾಲು ಮಕ್ಕಳು ಸೋಂಕಿತರಾಗಿದ್ದುದು ಕಂಡುಬಂದಿತು.

ಸೋಂಕು ಹರಡುವ ಮುಖ್ಯ ಮಾರ್ಗವೆಂದರೆ ಕುಟುಂಬ. ತಾಯಿ, ತಂದೆ ಅಥವಾ ಒಡಹುಟ್ಟಿದವರಿಂದ ಬಾಯಿ, ವಾಂತಿ ಹಾಗೂ ಮಲದ ಸಂಪರ್ಕದ ಮೂಲಕ ಮಗುವಿಗೆ ತಗುಲುತ್ತದೆ. ಒಂದೇ ಕೋಣೆಯಲ್ಲಿ ಹೆಚ್ಚು ಜನರು ವಾಸಿಸುವುದು, ಶೌಚಾಲಯ ಮತ್ತು ಕೈತೊಳೆಯುವ ನೀರಿನ ಕೊರತೆ, ಮಲಿನಗೊಂಡ ಕುಡಿಯುವ ನೀರು ಇವುಗಳಿಂದ ಅಪಾಯ ಹೆಚ್ಚುತ್ತದೆ. ಪೆರು ದೇಶದ ಲಿಮಾ ನಗರದಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅನುಕೂಲಸ್ಥ ಕುಟುಂಬಗಳ ಮಕ್ಕಳಲ್ಲಿಯೂ ನಗರದ ಸಾರ್ವಜನಿಕ ನೀರು ಸರಬರಾಜನ್ನು ಬಳಸುವವರಿಗೆ ಸೋಂಕಿನ ಸಂಭವ ಹೆಚ್ಚಾಗಿತ್ತು. ಅಂದರೆ ಕೇವಲ ಮನೆಯ ಸ್ಥಿತಿಗತಿಯಿಂದ ರಕ್ಷಣೆ ದೊರೆಯುವುದಿಲ್ಲ. ಊರಿನ ನೀರು ಎಲ್ಲರಿಗೂ ಸಂಬಂಧಪಟ್ಟ ವಿಷಯವಾಗಿರುತ್ತದೆ.

4. ತಳಿಗಳ ವೈವಿಧ್ಯ: ಮನುಷ್ಯನ ವಲಸೆಯ ಗುರುತು

ಸಾಮಾನ್ಯ ರೋಗಾಣುಗಳಿಗೆ ಹೋಲಿಸಿದರೆ ಈ ಬ್ಯಾಕ್ಟೀರಿಯಾದ ಆನುವಂಶಿಕ ವೈವಿಧ್ಯ ಅಸಾಧಾರಣವಾದುದು. ಇದರ ಪೂರ್ಣ ವಂಶವಾಹಿ ನಕ್ಷೆಯು ಮೊದಲ ಬಾರಿಗೆ 1997ರಲ್ಲಿ ಪ್ರಕಟವಾಯಿತು. ಸುಮಾರು 16 ಲಕ್ಷಕ್ಕೂ ಅಧಿಕ ಅಕ್ಷರಗಳ ಆ ನಕ್ಷೆಯ ಬೆನ್ನಿಗೇ 1999ರಲ್ಲಿ ಎರಡನೆಯ ತಳಿಯ ನಕ್ಷೆಯೂ ಸಿದ್ಧವಾಗಿ, ಎರಡನ್ನೂ ಹೋಲಿಸಲು ಸಾಧ್ಯವಾಯಿತು. ಈ ಬ್ಯಾಕ್ಟೀರಿಯಾವು ಬೇಗನೆ ಮಾರ್ಪಾಡು ಹೊಂದುತ್ತದೆ. ಒಂದೇ ಜಠರದಲ್ಲಿ ಎರಡು ತಳಿಗಳು ಕೂಡಿದಾಗ ವಂಶವಾಹಿಯ ತುಣುಕುಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತದೆ. ಪರಿಣಾಮವಾಗಿ, ಸಂಬಂಧವಿಲ್ಲದ ಇಬ್ಬರು ವ್ಯಕ್ತಿಗಳಲ್ಲಿ ಒಂದೇ ತೆರನಾದ ತಳಿ ದೊರೆಯುವುದು ವಿರಳ. ಒಂದೇ ಕುಟುಂಬದವರಲ್ಲಿ ಮಾತ್ರ ಬಹಳ ಹತ್ತಿರದ ತಳಿಗಳು ದೊರೆಯುತ್ತವೆ. ಸೋಂಕು ಮನೆಯೊಳಗೇ ಹರಡುತ್ತದೆ ಎಂಬುದಕ್ಕೆ ಇದೇ ಬಲವಾದ ಸಾಕ್ಷ್ಯ.

ತಲೆಮಾರಿನಿಂದ ತಲೆಮಾರಿಗೆ ಮನೆಯೊಳಗೇ ಸಾಗಿಬರುವುದರಿಂದ ಈ ತಳಿಗಳು ಮನುಷ್ಯನ ವಲಸೆಯ ಗುರುತನ್ನು ಉಳಿಸಿಕೊಂಡಿವೆ. 2003ರಲ್ಲಿ ಪ್ರಕಟವಾದ ಸಂಶೋಧನೆಯು ಜಗತ್ತಿನ ತಳಿಗಳನ್ನು ಭೌಗೋಳಿಕ ಗುಂಪುಗಳಾಗಿ ವಿಂಗಡಿಸಿತು. 2007ರ ಮತ್ತೊಂದು ಸಂಶೋಧನೆಯು ಸುಮಾರು 58,000 ವರ್ಷಗಳ ಹಿಂದೆ ಮಾನವರು ಪೂರ್ವ ಆಫ್ರಿಕಾದಿಂದ ಹೊರಟಾಗಲೇ ಈ ಬ್ಯಾಕ್ಟೀರಿಯಾವೂ ಅವರೊಂದಿಗೆ ಹೊರಟಿತ್ತೆಂದು ತೋರಿಸಿತು. ಲಡಾಖಿನಲ್ಲಿ ಒಂದೇ ಪ್ರದೇಶದಲ್ಲಿ ವಾಸಿಸುವ ಬೌದ್ಧ ಮತ್ತು ಮುಸ್ಲಿಂ ಸಮುದಾಯಗಳ ತಳಿಗಳ ನಡುವೆ ವ್ಯತ್ಯಾಸವಿರುವುದನ್ನು 2004ರ ಅಧ್ಯಯನವು ಗುರುತಿಸಿದೆ. ಭಾರತದ ತಳಿಗಳು ಮುಖ್ಯವಾಗಿ 'ಯುರೋಪ್' ಮತ್ತು 'ಏಷ್ಯಾ-2' ಎಂಬ ಎರಡು ಗುಂಪುಗಳಿಗೆ ಸೇರುತ್ತವೆ. ಭಾರತೀಯ ತಳಿಗಳಿಗೆ ಯುರೋಪಿನ ತಳಿಗಳೊಂದಿಗೆ ಪ್ರಾಚೀನ ಸಂಬಂಧವಿರುವುದನ್ನು ಹೈದರಾಬಾದಿನ ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿರುತ್ತಾರೆ.

ಇದನ್ನು ನಮ್ಮ ನಗರಗಳಿಗೆ ಅನ್ವಯಿಸಿ ನೋಡಬಹುದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಹಾಗೂ 1936ರಲ್ಲಿ ಸ್ಥಾಪನೆಗೊಂಡ ಕಾಗದದ ಕಾರ್ಖಾನೆಯ ಕಾರಣದಿಂದ ಭದ್ರಾವತಿಯು ಕೈಗಾರಿಕಾ ನಗರವಾಗಿ ಬೆಳೆಯಿತು. ಕೆಲಸ ಅರಸಿ ತಮಿಳು, ತೆಲುಗು ಮೊದಲಾದ ಭಾಷೆಗಳನ್ನಾಡುವ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕೂ ಮಲೆನಾಡು ಮತ್ತು ಬಯಲುಸೀಮೆಗಳೆರಡರಿಂದ ಜನ ಬಂದು ಸೇರಿದ್ದಾರೆ. ತಳಿಯು ಕುಟುಂಬದೊಂದಿಗೆ ಸಾಗುವುದಾದ ಕಾರಣ, ಇಂತಹ ನಗರಗಳಲ್ಲಿ ಒಂದೇ ಬೀದಿಯ ಎರಡು ಮನೆಗಳಲ್ಲಿ ಭಿನ್ನ ಮೂಲದ ತಳಿಗಳಿರುವುದು ನಿರೀಕ್ಷಿತವೇ ಆಗಿದೆ. ಆದುದರಿಂದ ಯಾವುದೇ ಸಮುದಾಯ, ಭಾಷೆ ಅಥವಾ ಬಡಾವಣೆಯನ್ನು ಸೋಂಕಿನ ಮೂಲವೆಂದು ಬೊಟ್ಟು ಮಾಡುವುದು ವೈಜ್ಞಾನಿಕವಾಗಿ ತಪ್ಪಾಗುತ್ತದೆ. ಈ ಬ್ಯಾಕ್ಟೀರಿಯಾ ಎಲ್ಲ ಜನಸಮುದಾಯಗಳಲ್ಲಿಯೂ ಸಾವಿರಾರು ವರ್ಷಗಳಿಂದ ಇದೆ.

5. ರೋಗಕಾರಕ ಶಕ್ತಿಯನ್ನು ಅರ್ಥೈಸುವ ಬಗೆ

ಎಲ್ಲ ತಳಿಗಳೂ ಸಮಾನವಾಗಿ ಹಾನಿಕಾರಕವಲ್ಲ. ತಳಿಯ ರೋಗಕಾರಕ ಶಕ್ತಿಯನ್ನು ಗುರುತಿಸಲು ಮುಖ್ಯವಾಗಿ ಎರಡು ವಂಶವಾಹಿಗಳನ್ನು ಪರಿಶೀಲಿಸಲಾಗುತ್ತದೆ.

(ಅ) ಕ್ಯಾಗ್-ಎ: ಇದು ಸುಮಾರು 30 ವಂಶವಾಹಿಗಳ ಸಮೂಹವೊಂದರ ಭಾಗ. ಈ ಸಮೂಹವುಳ್ಳ ತಳಿಗಳು ಸೂಜಿಯಂತಹ ರಚನೆಯೊಂದರ ಮೂಲಕ ತಮ್ಮ ಪ್ರೋಟೀನನ್ನು ಜಠರದ ಜೀವಕೋಶದೊಳಕ್ಕೆ ಸೇರಿಸಿ ಉರಿಯೂತವನ್ನು ಹೆಚ್ಚಿಸುತ್ತವೆ. ಚೀನಾ, ಜಪಾನ್, ಕೊರಿಯಾಗಳಲ್ಲಿ ಕಂಡುಬರುವ ಪೂರ್ವ ಏಷ್ಯಾದ ಮಾದರಿಯು ಹೆಚ್ಚು ತೀವ್ರವಾದುದು. ಭಾರತದಲ್ಲಿ ಪಾಶ್ಚಾತ್ಯ ಮಾದರಿಯೇ ಪ್ರಧಾನವಾಗಿದೆ.

(ಆ) ವ್ಯಾಕ್-ಎ: ಜೀವಕೋಶಗಳಲ್ಲಿ ರಂಧ್ರ ಮತ್ತು ಗುಳ್ಳೆಗಳನ್ನು ಉಂಟುಮಾಡುವ ವಿಷವನ್ನು ಈ ವಂಶವಾಹಿಯು ರೂಪಿಸುತ್ತದೆ. ಇದರಲ್ಲಿ 'ಎಸ್-1', 'ಎಸ್-2' ಹಾಗೂ 'ಎಂ-1', 'ಎಂ-2' ಎಂಬ ಪ್ರಭೇದಗಳಿದ್ದು, 'ಎಸ್-1' ಮತ್ತು 'ಎಂ-1' ಒಟ್ಟಿಗೆ ಇರುವ ತಳಿಗಳು ಹೆಚ್ಚು ವಿಷಕಾರಿ.

ಈ ಮಾಹಿತಿಯನ್ನು ಓದಿದ ಕೂಡಲೇ ಮಗುವಿನ ತಳಿಯಲ್ಲಿ ಇವೆಯೇ ಎಂದು ಪರೀಕ್ಷೆ ಮಾಡಿಸಿದರೆ ಅಪಾಯವನ್ನು ಮುಂಚಿತವಾಗಿ ತಿಳಿಯಬಹುದಲ್ಲವೇ ಎಂಬ ಆಲೋಚನೆ ಬರುವುದು ಸಹಜ. ಭಾರತದ ಮಟ್ಟಿಗೆ ಇದಕ್ಕೆ ಉತ್ತರ ನಕಾರಾತ್ಮಕವಾಗಿರುತ್ತದೆ. ಕೋಲ್ಕತ್ತಾದಲ್ಲಿ 2000ದ ಆರಂಭದಿಂದ ನಡೆದ ಸಂಶೋಧನೆಗಳಲ್ಲಿ, ಹುಣ್ಣು ಇರುವವರಲ್ಲಿಯೂ, ಹುಣ್ಣು ಇಲ್ಲದವರಲ್ಲಿಯೂ ಬಹುತೇಕ ತಳಿಗಳು ಕ್ಯಾಗ್-ಎ ಹಾಗೂ ವ್ಯಾಕ್-ಎ 'ಎಸ್-1' ಪ್ರಭೇದವನ್ನು ಹೊಂದಿದ್ದುದು ಕಂಡುಬಂದಿದೆ. ಒಂದೇ ವ್ಯಕ್ತಿಯ ಜಠರದಲ್ಲಿ ಒಂದಕ್ಕಿಂತ ಹೆಚ್ಚು ತಳಿಗಳಿರುವುದೂ 2012ರಲ್ಲಿ ವರದಿಯಾಗಿದೆ. ಎಲ್ಲರಲ್ಲಿಯೂ ಇರುವ ಗುರುತಿನಿಂದ ಯಾರು ರೋಗಿಗಳಾಗುವರು ಎಂಬುದನ್ನು ಬೇರ್ಪಡಿಸಿ ಹೇಳಲು ಬಾರದು.

ಮಲೆನಾಡಿನ ಕೃಷಿಕರಿಗೆ ಇದು ಅಪರಿಚಿತ ವಿಷಯವೇನಲ್ಲ. ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವ ಸೂಕ್ಷ್ಮಜೀವಿ ತೋಟದಲ್ಲಿ ಇದ್ದೇ ಇರುತ್ತದೆ. ಮಳೆ ಎಷ್ಟು ದಿನ ಹಿಡಿಯಿತು, ತೋಟದಲ್ಲಿ ಬಸಿಗಾಲುವೆ ಹೇಗಿದೆ, ಬೋರ್ಡೋ ದ್ರಾವಣವನ್ನು ಸಕಾಲದಲ್ಲಿ ಸಿಂಪಡಿಸಲಾಗಿದೆಯೇ ಎಂಬುದರ ಮೇಲೆ ಫಸಲಿನ ಗತಿ ನಿರ್ಧಾರವಾಗುತ್ತದೆ. ಅದೇ ರೀತಿ ಈ ಸೋಂಕಿನಲ್ಲಿಯೂ ತಳಿ, ವ್ಯಕ್ತಿಯ ದೇಹಪ್ರಕೃತಿ, ಉಪ್ಪು ಮತ್ತು ಹೊಗೆಸೊಪ್ಪಿನ ಬಳಕೆ, ಆಹಾರದಲ್ಲಿ ಹಣ್ಣು–ತರಕಾರಿಯ ಪ್ರಮಾಣ ಇವೆಲ್ಲವೂ ಸೇರಿ ಪರಿಣಾಮವನ್ನು ನಿರ್ಧರಿಸುತ್ತವೆ. ಭಾರತದಲ್ಲಿ ಸೋಂಕಿನ ಪ್ರಮಾಣ ಹೆಚ್ಚಾಗಿದ್ದರೂ ಜಠರದ ಕ್ಯಾನ್ಸರ್ ಪ್ರಮಾಣ ಒಟ್ಟಾರೆ ಕಡಿಮೆ ಇರುವುದನ್ನು ವಿಜ್ಞಾನಿಗಳು ಬಹುಕಾಲದಿಂದ ಒಂದು ಒಗಟೆಂದು ಪರಿಗಣಿಸಿದ್ದಾರೆ. ಆದರೆ ಈ ಪ್ರಮಾಣ ದೇಶದಾದ್ಯಂತ ಏಕರೂಪವಾಗಿಲ್ಲ. ಮಿಜೋರಾಂನಲ್ಲಿ ಅದು ಅತ್ಯಧಿಕವಾಗಿದ್ದು, ಬೆಂಗಳೂರಿನ ಪುರುಷರಲ್ಲಿಯೂ ಜಠರದ ಕ್ಯಾನ್ಸರ್ ಪ್ರಮುಖ ಕ್ಯಾನ್ಸರ್‌ಗಳ ಸಾಲಿನಲ್ಲಿದೆ. ಆದ್ದರಿಂದ ಭಯಪಡುವುದು ಅನಗತ್ಯವಾದಂತೆಯೇ ಉದಾಸೀನ ಮಾಡುವುದೂ ಸಲ್ಲದು.

6. ಎರಡು ನದಿಗಳು, ಎರಡು ನಗರಗಳು

ಶಿವಮೊಗ್ಗ ನಗರವು ತುಂಗಾ ನದಿಯ ದಂಡೆಯಲ್ಲಿಯೂ, ಭದ್ರಾವತಿಯು ಭದ್ರಾ ನದಿಯ ದಂಡೆಯಲ್ಲಿಯೂ ಇವೆ. ಗಾಜನೂರಿನ ತುಂಗಾ ಅಣೆಕಟ್ಟು ಮತ್ತು ಲಕ್ಕವಳ್ಳಿಯ ಭದ್ರಾ ಜಲಾಶಯಗಳ ಕೆಳಭಾಗದಲ್ಲಿ ಈ ನಗರಗಳನ್ನು ಹಾಯ್ದು, ಕೂಡ್ಲಿಯಲ್ಲಿ ಎರಡೂ ನದಿಗಳು ಸಂಗಮಿಸಿ ತುಂಗಭದ್ರೆಯಾಗುತ್ತವೆ. 2011ರ ಜನಗಣತಿಯಂತೆ ಶಿವಮೊಗ್ಗದಲ್ಲಿ ಮೂರು ಲಕ್ಷಕ್ಕೂ ಹೆಚ್ಚು, ಭದ್ರಾವತಿಯಲ್ಲಿ ಸುಮಾರು ಒಂದೂವರೆ ಲಕ್ಷ ಜನಸಂಖ್ಯೆ ಇತ್ತು. ಒಂದು ಊರಿನವರು ನದಿಗೆ ಬಿಟ್ಟ ಕೊಳಚೆ ಕೆಳಗಿನ ಊರಿನವರ ಕುಡಿಯುವ ನೀರಿನ ಮೂಲವನ್ನು ಸೇರುವುದು ನದಿ ದಂಡೆಯ ಎಲ್ಲ ನಗರಗಳಿಗೂ ಅನ್ವಯಿಸುವ ಸತ್ಯ.

ನೀರಿನ ಸುರಕ್ಷತೆಯನ್ನು ಎರಡು ಹಂತಗಳಲ್ಲಿ ನೋಡಬೇಕು. ಮೊದಲನೆಯದು ಶುದ್ಧೀಕರಣ ಘಟಕದ ಹಂತ. ಮುಂಗಾರಿನಲ್ಲಿ ಕೆಂಪಾಗಿ ಹರಿದು ಬರುವ ನೀರನ್ನು ತಿಳಿಗೊಳಿಸದೆ ಕ್ಲೋರಿನ್ ಬೆರೆಸಿದರೆ, ಕ್ಲೋರಿನ್‌ನ ಬಹುಭಾಗ ಮಣ್ಣು ಮತ್ತು ಸಾವಯವ ಪದಾರ್ಥದಲ್ಲಿಯೇ ವ್ಯಯವಾಗುತ್ತದೆ. ಎರಡನೆಯದು ಕೊಳವೆ ಮಾರ್ಗದ ಹಂತ. ನೀರನ್ನು ಕೆಲವು ಗಂಟೆಗಳು ಮಾತ್ರ ಬಿಡುವ ವ್ಯವಸ್ಥೆಯಲ್ಲಿ ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಕುಸಿದು, ಸೋರಿಕೆಯಿರುವ ಕಡೆ ಚರಂಡಿಯ ನೀರು ಒಳಕ್ಕೆ ಎಳೆದುಕೊಳ್ಳಲ್ಪಡುತ್ತದೆ. ಘಟಕದಿಂದ ಶುದ್ಧವಾಗಿ ಹೊರಟ ನೀರು ನಲ್ಲಿಗೆ ಬರುವಷ್ಟರಲ್ಲಿ ಮಲಿನವಾಗಲು ಇದೇ ಪ್ರಮುಖ ಕಾರಣ. ದಿನದ 24 ಗಂಟೆಯೂ ಒತ್ತಡದಲ್ಲಿ ನೀರು ಒದಗಿಸುವ ಯೋಜನೆಗಳ ಆರೋಗ್ಯ ಸಂಬಂಧಿ ಪ್ರಯೋಜನ ಇರುವುದು ಇಲ್ಲಿಯೇ.

ಭಾರತೀಯ ಮಾನಕ 10500 (2012)ರಂತೆ ಕುಡಿಯುವ ನೀರಿನ ಯಾವುದೇ 100 ಮಿ.ಲೀ. ಮಾದರಿಯಲ್ಲಿ ಇ-ಕೋಲೈ ಬ್ಯಾಕ್ಟೀರಿಯಾ ಕಂಡುಬರಬಾರದು. ಕ್ಲೋರಿನ್ ಬೆರೆಸಿದ ನೀರು ಬಳಕೆದಾರರಿಗೆ ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ವಾಡಿಕೆಯ ನೀರಿನ ಪರೀಕ್ಷೆಯಲ್ಲಿ ಹೆಲಿಕೋಬ್ಯಾಕ್ಟರನ್ನು ಪ್ರತ್ಯೇಕವಾಗಿ ಹುಡುಕುವುದಿಲ್ಲ; ನೀರಿನಿಂದ ಅದನ್ನು ಬೆಳೆಸಿ ಗುರುತಿಸುವುದು ಬಹಳ ಕಷ್ಟಸಾಧ್ಯ. ಇ-ಕೋಲೈ ಕಂಡುಬಂದಲ್ಲಿ ಆ ನೀರಿಗೆ ಮಲದ ಸಂಪರ್ಕವಾಗಿದೆ ಎಂದು ತಿಳಿಯತಕ್ಕದ್ದು. ಆಗ ವಾಂತಿಭೇದಿ, ಕಾಮಾಲೆ, ವಿಷಮಶೀತ ಜ್ವರಗಳ ಅಪಾಯವೂ ಜೊತೆಗೇ ಇರುತ್ತದೆ. ಕ್ಲೋರಿನೀಕರಣ ಮತ್ತು ಕುದಿಸುವಿಕೆ ಇವೆಲ್ಲಕ್ಕೂ ಸಮಾನ ರಕ್ಷಣೆಯಾಗಿವೆ.

7. ಔಷಧಗಳಿಗೆ ಬಗ್ಗದ ತಳಿಗಳು

ತಳಿ ವೈವಿಧ್ಯದ ಅತ್ಯಂತ ಪ್ರತ್ಯಕ್ಷ ಪರಿಣಾಮ ಕಂಡುಬರುವುದು ಚಿಕಿತ್ಸೆಯಲ್ಲಿ. ದೇಶದ ಹಲವು ನಗರಗಳಿಂದ ಸಂಗ್ರಹಿಸಿದ 259 ತಳಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ. 78ರಷ್ಟು ತಳಿಗಳು ಮೆಟ್ರೊನಿಡಜೋಲ್ ಔಷಧಕ್ಕೆ, ಸುಮಾರು ಶೇ. 45ರಷ್ಟು ಕ್ಲಾರಿಥ್ರೊಮೈಸಿನ್ ಔಷಧಕ್ಕೆ ನಿರೋಧಕತೆ ಹೊಂದಿದ್ದವು. ಊರಿನಿಂದ ಊರಿಗೆ ಈ ಪ್ರಮಾಣ ಬದಲಾಗುತ್ತಿತ್ತು. ಕ್ಲಾರಿಥ್ರೊಮೈಸಿನ್‌ಗೆ ಬಗ್ಗದ ಹೆಲಿಕೋಬ್ಯಾಕ್ಟರನ್ನು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹೊಸ ಔಷಧಗಳ ತುರ್ತು ಅಗತ್ಯವಿರುವ ರೋಗಾಣುಗಳ ಪಟ್ಟಿಗೆ ಸೇರಿಸಿತ್ತು. 2024ರ ಪರಿಷ್ಕೃತ ಪಟ್ಟಿಯಲ್ಲಿ ಇದು ಸೇರಿಲ್ಲವಾದರೂ, ರೋಗಿಯ ಹಾಸಿಗೆಯ ಬಳಿ ಸಮಸ್ಯೆ ಹಾಗೆಯೇ ಇದೆ.

ಮೆಟ್ರೊನಿಡಜೋಲ್ ಔಷಧವನ್ನು ನಮ್ಮಲ್ಲಿ ಆಮಶಂಕೆ, ಭೇದಿಗಳಿಗೆ ದಶಕಗಳಿಂದ ಬಳಸಲಾಗುತ್ತಿದೆ. ವೈದ್ಯರ ಚೀಟಿ ಇಲ್ಲದೆ ಒಂದೆರಡು ಮಾತ್ರೆ ಕೊಂಡು ನುಂಗಿ, ಭೇದಿ ನಿಂತ ಕೂಡಲೇ ಬಿಡುವ ಅಭ್ಯಾಸವೂ ವ್ಯಾಪಕವಾಗಿದೆ. ಆ ಸಮಯದಲ್ಲಿ ಜಠರದಲ್ಲಿ ಮೌನವಾಗಿರುವ ಹೆಲಿಕೋಬ್ಯಾಕ್ಟರ್ ಕೂಡ ಅರೆಬರೆ ಔಷಧಕ್ಕೆ ಒಡ್ಡಿಕೊಂಡು ನಿರೋಧಕತೆ ಗಳಿಸುತ್ತದೆ. ಮುಂದೆ ಅದೇ ವ್ಯಕ್ತಿಗೆ ಹುಣ್ಣು ಉಂಟಾದಾಗ ಆ ಔಷಧವು ಕೆಲಸ ಮಾಡುವುದಿಲ್ಲ. ಆ ತಳಿ ಮನೆಯ ಮಗುವಿಗೆ ತಗುಲಿದರೆ ನಿರೋಧಕತೆಯೂ ಜೊತೆಯಲ್ಲಿಯೇ ಬರುತ್ತದೆ. ಮಕ್ಕಳಿಗೆ ಬಳಸಬಹುದಾದ ಔಷಧಗಳ ಸಂಖ್ಯೆಯೇ ಕಡಿಮೆ. ಉದಾಹರಣೆಗೆ, ಹಲ್ಲುಗಳ ಮೇಲಿನ ದುಷ್ಪರಿಣಾಮದ ಕಾರಣ 8 ವರ್ಷದೊಳಗಿನವರಿಗೆ ಟೆಟ್ರಾಸೈಕ್ಲಿನ್ ನೀಡಲಾಗುವುದಿಲ್ಲ. ಹೀಗಾಗಿ ಹಿರಿಯರ ಅಜಾಗರೂಕತೆಯ ಬೆಲೆಯನ್ನು ಮಕ್ಕಳು ತೆರಬೇಕಾಗುತ್ತದೆ.

8. ಪರೀಕ್ಷೆ ಯಾರಿಗೆ ಅಗತ್ಯ, ಯಾರಿಗೆ ಅನಗತ್ಯ

2025ರ ವರದಿಯು ಸೋಂಕನ್ನು ಪತ್ತೆಹಚ್ಚಿ ಚಿಕಿತ್ಸೆ ನೀಡಿದಲ್ಲಿ ಜಠರದ ಕ್ಯಾನ್ಸರ್ ಪ್ರಕರಣಗಳನ್ನು ಶೇ. 75ರವರೆಗೆ ತಗ್ಗಿಸಬಹುದೆಂದು ಹೇಳಿದೆ. ಇದು ವಯಸ್ಕರನ್ನು ಉದ್ದೇಶಿಸಿದ, ಸರ್ಕಾರಗಳು ಯೋಜಿತವಾಗಿ ನಡೆಸುವ ಕಾರ್ಯಕ್ರಮಗಳ ಕುರಿತು ಆಡಿದ ಮಾತಾಗಿರುತ್ತದೆ. ಪ್ರತಿ ಮಗುವಿಗೂ ಈಗಲೇ ಪರೀಕ್ಷೆ ಮಾಡಿಸಬೇಕೆಂಬುದು ಇದರ ಅರ್ಥವಲ್ಲ. ಯುರೋಪ್ ಹಾಗೂ ಉತ್ತರ ಅಮೆರಿಕದ ಮಕ್ಕಳ ಜಠರರೋಗ ತಜ್ಞರ ಸಂಘಗಳು ಜಂಟಿಯಾಗಿ ಸಿದ್ಧಪಡಿಸಿ 2024ರಲ್ಲಿ ಪ್ರಕಟಿಸಿದ ಪರಿಷ್ಕೃತ ಮಾರ್ಗಸೂಚಿಯ ಮುಖ್ಯಾಂಶಗಳು ಈ ಕೆಳಕಂಡಂತಿವೆ.

• ಬೇರಾವ ಅಪಾಯದ ಲಕ್ಷಣವೂ ಇಲ್ಲದ, ಬಂದು ಹೋಗುವ ಸಾಮಾನ್ಯ ಹೊಟ್ಟೆನೋವಿಗೆ ಈ ಬ್ಯಾಕ್ಟೀರಿಯಾದ ಪರೀಕ್ಷೆ ಅಗತ್ಯವಿಲ್ಲ.
• ಹುಣ್ಣಿನ ಶಂಕೆ ಇರುವ ಮಕ್ಕಳಿಗೆ ತಜ್ಞರು ಎಂಡೋಸ್ಕೋಪಿ ನಡೆಸಿ, ಜಠರದ ಒಳಪದರದ ಮಾದರಿಯನ್ನು ಪರೀಕ್ಷಿಸಿ ರೋಗನಿರ್ಣಯ ಮಾಡತಕ್ಕದ್ದು.
• ರಕ್ತದಲ್ಲಿನ ಪ್ರತಿಕಾಯಗಳ ಪರೀಕ್ಷೆಯನ್ನು ಆಧರಿಸಿ ಮಕ್ಕಳಿಗೆ ಚಿಕಿತ್ಸೆ ನೀಡಬಾರದು. ಸೋಂಕು ಗುಣವಾದ ನಂತರವೂ ಪ್ರತಿಕಾಯಗಳು ಉಳಿಯುವುದರಿಂದ ಈ ಪರೀಕ್ಷೆಯ ಫಲಿತಾಂಶ ದಾರಿತಪ್ಪಿಸುತ್ತದೆ.
• ಸಾಧ್ಯವಿದ್ದಲ್ಲಿ ತಳಿಯು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದನ್ನು ತಿಳಿದು, ಅದಕ್ಕನುಗುಣವಾಗಿ ಸಾಮಾನ್ಯವಾಗಿ 14 ದಿನಗಳ ಪೂರ್ಣ ಚಿಕಿತ್ಸೆ ನೀಡತಕ್ಕದ್ದು.
• ಚಿಕಿತ್ಸೆ ಮುಗಿದ ಕನಿಷ್ಠ 4 ವಾರಗಳ ನಂತರ ಯೂರಿಯಾ ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜನ್ ಪರೀಕ್ಷೆಯ ಮೂಲಕ ಸೋಂಕು ನಿವಾರಣೆಯಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಆದರೆ ಮಗು ರಕ್ತ ವಾಂತಿ ಮಾಡಿದಲ್ಲಿ, ಮಲವು ಡಾಂಬರಿನಂತೆ ಕಪ್ಪಾಗಿದ್ದಲ್ಲಿ, ತೂಕ ಇಳಿಯುತ್ತಿದ್ದಲ್ಲಿ, ಪದೇ ಪದೇ ವಾಂತಿಯಾಗುತ್ತಿದ್ದಲ್ಲಿ, ನುಂಗಲು ಕಷ್ಟವಾಗುತ್ತಿದ್ದಲ್ಲಿ ಅಥವಾ ಹೊಟ್ಟೆನೋವಿನಿಂದ ರಾತ್ರಿ ನಿದ್ರೆಯಿಂದ ಏಳುತ್ತಿದ್ದಲ್ಲಿ ವಿಳಂಬ ಮಾಡದೆ ಆಸ್ಪತ್ರೆಗೆ ಕರೆತರಬೇಕು.

ರಕ್ತಹೀನತೆಯ ಬಗ್ಗೆಯೂ ಸ್ಪಷ್ಟನೆ ಅಗತ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳು ರಕ್ತಹೀನತೆ ಹೊಂದಿದ್ದರು. ಇದಕ್ಕೆ ಬಹುಮಟ್ಟಿಗೆ ಕಬ್ಬಿಣಾಂಶದ ಕೊರತೆ, ಆಹಾರದ ಕೊರತೆ ಮತ್ತು ಜಂತುಹುಳುವಿನ ಬಾಧೆ ಕಾರಣ. ಇವುಗಳಿಗೆ ಚಿಕಿತ್ಸೆ ನೀಡಿದರೂ ಸುಧಾರಣೆ ಕಾಣದ ಕೆಲವೇ ಮಕ್ಕಳಲ್ಲಿ ಮಾತ್ರ ತಜ್ಞರು ಹೆಲಿಕೋಬ್ಯಾಕ್ಟರ್ ಕುರಿತು ಆಲೋಚಿಸುವರು.

9. ನಾಗರಿಕರಿಗೆ ಲಭ್ಯವಿರುವ ಸೇವೆಗಳು

(1) ಮಕ್ಕಳ ಆರೋಗ್ಯ ತಪಾಸಣೆ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯನ್ನು ಅಂಗನವಾಡಿಗಳಲ್ಲಿ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವರ್ಷಕ್ಕೆ ಒಂದು ಬಾರಿ ನಡೆಸಲು ಅವಕಾಶವಿದೆ. ಮಗುವಿನ ತೂಕ, ಎತ್ತರ ಮತ್ತು ರಕ್ತಹೀನತೆಯ ವಿವರವನ್ನು ಪೋಷಕರು ಕೇಳಿ ಪಡೆದಿಟ್ಟುಕೊಳ್ಳಬೇಕು.

(2) ಆಸ್ಪತ್ರೆ ಚಿಕಿತ್ಸೆ: ಮೊದಲು ಸಮೀಪದ ಆರೋಗ್ಯ ಕೇಂದ್ರ ಅಥವಾ ಭದ್ರಾವತಿಯ ಸಾರ್ವಜನಿಕ ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದಲ್ಲಿ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಮಕ್ಕಳ ವಿಭಾಗವನ್ನು ಸಂಪರ್ಕಿಸಬಹುದು. ಹಿಂದಿನ ಚೀಟಿಗಳು ಹಾಗೂ ಮಗು ಈವರೆಗೆ ಸೇವಿಸಿದ ಆಂಟಿಬಯೋಟಿಕ್ ಔಷಧಗಳ ವಿವರವನ್ನು ಕಡ್ಡಾಯವಾಗಿ ತರಬೇಕು.

(3) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರಲ್ಲಿ ಜಾರಿಗೆ ಬಂದ ಈ ಯೋಜನೆಯಡಿ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಉಚಿತ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ವಾರ್ಷಿಕ ರೂ. 1.5 ಲಕ್ಷದ ಮಿತಿಯಲ್ಲಿ ಭರಿಸಲಾಗುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ಹಾಜರುಪಡಿಸಬೇಕು.

(4) ನೀರು ಮತ್ತು ಒಳಚರಂಡಿ ಸಂಪರ್ಕ: ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆಗೆ, ಭದ್ರಾವತಿಯಲ್ಲಿ ನಗರಸಭೆಗೆ ಅರ್ಜಿ ಸಲ್ಲಿಸಬೇಕು. ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಹಾಗೂ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಪಡೆಯಲು ಅವಕಾಶವಿದೆ.

(5) ನೀರಿನ ಪರೀಕ್ಷಾ ವರದಿ: ತಮ್ಮ ಬಡಾವಣೆಯ ನೀರಿನ ಪರೀಕ್ಷಾ ಫಲಿತಾಂಶವನ್ನು ತಿಳಿಯುವುದು ನಾಗರಿಕರ ಹಕ್ಕು. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದಲ್ಲಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಬಿ.ಪಿ.ಎಲ್. ಅರ್ಜಿದಾರರಿಗೆ ಶುಲ್ಕವಿರುವುದಿಲ್ಲ. ಅರ್ಜಿಯಲ್ಲಿ ನೀರು ಚೆನ್ನಾಗಿದೆಯೇ ಎಂದು ಕೇಳುವ ಬದಲು, ಇಂತಹ ತಿಂಗಳಿನಲ್ಲಿ, ಇಂತಹ ಬಡಾವಣೆಯ ನಲ್ಲಿಯಿಂದ ಸಂಗ್ರಹಿಸಿದ ಮಾದರಿಗಳ ಇ-ಕೋಲೈ ಮತ್ತು ಉಳಿಕೆ ಕ್ಲೋರಿನ್ ಫಲಿತಾಂಶಗಳ ಪ್ರತಿ ನೀಡಬೇಕೆಂದು ನಿರ್ದಿಷ್ಟವಾಗಿ ಕೋರುವುದು ಸೂಕ್ತ.

10. ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

• ಕುಡಿಯುವ ನೀರನ್ನು ಉಕ್ಕುವಂತೆ ಕುದಿಸಿ, ಆರಿಸಿ, ಮುಚ್ಚಿದ ಪಾತ್ರೆಯಲ್ಲಿ ಇರಿಸಿ, ಹಿಡಿಕೆಯಿರುವ ಸೌಟಿನಿಂದ ತೆಗೆಯಬೇಕು. ಮಳೆಗಾಲದಲ್ಲಿ ಇದನ್ನು ತಪ್ಪಿಸಬಾರದು.
• ಸಂಪು ಮತ್ತು ಮೇಲಿನ ತೊಟ್ಟಿಯನ್ನು ಕಾಲಕಾಲಕ್ಕೆ ತೊಳೆಯಬೇಕು. ನೀರು ಕೆಸರು ಬಣ್ಣ ಅಥವಾ ದುರ್ವಾಸನೆ ಹೊಂದಿದ್ದಲ್ಲಿ ಕೂಡಲೇ ದೂರು ದಾಖಲಿಸಬೇಕು.
• ಶೌಚದ ನಂತರ, ಅಡುಗೆಗೆ ಮತ್ತು ಮಗುವಿಗೆ ಉಣಿಸುವ ಮುನ್ನ ಸೋಪಿನಿಂದ ಕೈ ತೊಳೆಯಬೇಕು.
• ದೊಡ್ಡವರು ಅಗಿದ ಆಹಾರವನ್ನು ಮಗುವಿಗೆ ತಿನ್ನಿಸಬಾರದು. ಮಗುವಿಗೆ ಪ್ರತ್ಯೇಕ ಲೋಟ ಮತ್ತು ಚಮಚ ಬಳಸಬೇಕು.
• ಎದೆಹಾಲು ಉಣಿಸುವುದನ್ನು ಈ ಸೋಂಕಿನ ಭಯದಿಂದ ಯಾವ ಕಾರಣಕ್ಕೂ ನಿಲ್ಲಿಸಬಾರದು.
• ಹಿಂದಿನ ಚೀಟಿಯನ್ನು ತೋರಿಸಿ ಅಥವಾ ನೆರೆಯವರ ಸಲಹೆಯಂತೆ ಆಂಟಿಬಯೋಟಿಕ್ ಔಷಧಗಳನ್ನು ಕೊಳ್ಳಬಾರದು. ವೈದ್ಯರು ಸೂಚಿಸಿದ್ದನ್ನು ಅರ್ಧದಲ್ಲಿ ಬಿಡಬಾರದು.

11. ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ಈ ಬ್ಯಾಕ್ಟೀರಿಯಾದ ತಳಿಗಳು ಅನೇಕ; ನಮ್ಮ ದೇಶದಲ್ಲಿ ತೀಕ್ಷ್ಣವೆನಿಸುವ ವಂಶವಾಹಿಗಳು ಬಹುತೇಕ ತಳಿಗಳಲ್ಲಿಯೇ ಇವೆ. ಆದುದರಿಂದ ಮಗುವಿನ ಜಠರದಲ್ಲಿ ಯಾವ ತಳಿಯಿದೆ ಎಂದು ಹುಡುಕುವುದಕ್ಕಿಂತ, ಯಾವ ತಳಿಯೂ ಮಗುವಿನ ಬಾಯಿಯವರೆಗೆ ತಲುಪದಂತೆ ನೋಡಿಕೊಳ್ಳುವುದು ಹೆಚ್ಚು ಫಲಕಾರಿ. ತಳಿಗಳ ಅಧ್ಯಯನದ ನೇರ ಪ್ರಯೋಜನವಿರುವುದು ಯಾವ ಊರಿನಲ್ಲಿ ಯಾವ ಔಷಧ ಫಲಿಸುತ್ತದೆ ಎಂಬುದನ್ನು ವೈದ್ಯರು ತಿಳಿಯುವುದರಲ್ಲಿ. ಮಗುವಿನ ಮೊದಲ ಐದಾರು ವರ್ಷಗಳಲ್ಲಿ ಒದಗಿಸುವ ಶುದ್ಧ ನೀರು ಮತ್ತು ಸ್ವಚ್ಛ ಕೈಗಳ ಫಲ ಆ ಮಗುವಿನ ಐವತ್ತು, ಅರವತ್ತನೆಯ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಇಷ್ಟು ದೀರ್ಘ ಕಾಲದ ನಂತರ ಫಲ ನೀಡುವ ಕಾರ್ಯವಾದುದರಿಂದಲೇ ಇದು ಸುಲಭವಾಗಿ ಮುಂದೂಡಲ್ಪಡುತ್ತದೆ. ಕೊಳವೆ ಮಾರ್ಗದ ಸೋರಿಕೆ ಸರಿಪಡಿಸುವುದು ಸ್ಥಳೀಯ ಸಂಸ್ಥೆಗಳ ಹೊಣೆ. ನೀರು ಕುದಿಸುವುದು ಮತ್ತು ಔಷಧವನ್ನು ಕ್ರಮಬದ್ಧವಾಗಿ ಬಳಸುವುದು ಮನೆಯವರ ಹೊಣೆ. ಒಂದು ಇನ್ನೊಂದಕ್ಕೆ ಪರ್ಯಾಯವಾಗಲಾರದು.

ಶಿವಮೊಗ್ಗ ಹಾಗೂ ಭದ್ರಾವತಿಯ ಸಮಸ್ತ ನಾಗರಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ, ಲಭ್ಯವಿರುವ ಸೇವೆಗಳ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ. ಈ ಮಾಹಿತಿಯು ಸಾರ್ವಜನಿಕ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಬದಲಿಯಾಗಿರುವುದಿಲ್ಲ.